ನಮ್ಮ ಚರ್ಚಿಗೆ ಬಾಗಿಲು ಬಂದ ವಾರ

ನನ್ನ ಮದುವೆಗೆ ಅತ್ತೆ ಹಾಕಿದ್ದು ಒಂದೇ ಒಂದು ಷರತ್ತು. ಮದುವೆ ನಡೆಯುವ ಚರ್ಚಿಗೆ ಬೀಗ ಹಾಕುವಂಥ ಬಾಗಿಲಿರಬೇಕು. ಬೇರೆ ಹುಡುಗಿಯರ ಅತ್ತೆಯಂದಿರು ಫ್ರಿಜ್ಜು, ಬೈಕು ಕೇಳುತ್ತಿದ್ದ ಕಾಲದಲ್ಲಿ ಇದೇನು ಮಹಾ ಬೇಡಿಕೆ ಅಂತ ನಿಮಗನ್ನಿಸಬಹುದು. ಆಗಿನ ನಮ್ಮ ಸಭೆಯನ್ನು ನೀವು ನೋಡಿಲ್ಲ, ಅದಕ್ಕೇ ಹಾಗನ್ನಿಸುತ್ತದೆ.

ಶಿಡ್ಲಘಟ್ಟದ ನಮ್ಮ ಸಭೆ ಅಂದರೆ ಒಂದಿಪ್ಪತ್ತು ಮನೆಯ ಜನ. ರೇಷ್ಮೆ ನೂಲು ತೆಗೆಯುವವರು, ಗಾರೆ ಕೆಲಸದವರು, ಇಬ್ಬರು ನರ್ಸಮ್ಮಂದಿರು, ಒಬ್ಬ ಬಸ್ ಕಂಡಕ್ಟರು, ಜೊತೆಗೆ ನರ್ಸರಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದ ನಾನು ಮತ್ತು ನನ್ನನ್ನು ಸಾಕಿದ ಅಜ್ಜಿ. ಹಾಡಲು ನಮಗೆ ಭರ್ಜರಿ ಗಂಟಲಿತ್ತು. ಬೋಧನೆಗೆ ಚಿಕ್ಕಬಳ್ಳಾಪುರದಿಂದ ಮೊಪೆಡ್ಡಿನಲ್ಲಿ ಬರುವ ಪಾದ್ರಿ ಅಯ್ಯನವರಿದ್ದರು. ಕೂರಲು ಜಾಗವೊಂದು ಇರಲಿಲ್ಲ. ಟೈರ್ ಅಂಗಡಿಯ ಮಹಡಿ, ಶಾಮಿಯಾನದವರ ಗೋಡೌನು, ಕಂಡಕ್ಟರ ಮನೆಯ ತಾರಸಿ, ಹೀಗೆ ಯಾರು ಕರೆದರೆ ಅಲ್ಲಿಗೆ ಹೋಗುತ್ತಿದ್ದೆವು. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿತ್ತಂತೆ.

ಎಲ್ಲಕ್ಕಿಂತ ಹೆಚ್ಚು ದಿನ ನಾವಿದ್ದದ್ದು ದಿಬ್ಬೂರಹಳ್ಳಿ ರಸ್ತೆಯ ಗೌಡರೊಬ್ಬರ ಹುಳು ಮನೆಯಲ್ಲಿ. ಹಿಪ್ಪುನೇರಳೆ ತೋಟದ ನಡುವೆ ರೇಷ್ಮೆ ಹುಳ ಸಾಕಲೆಂದು ಕಟ್ಟಿಸಿದ ಉದ್ದನೆಯ ಮನೆ ಅದು. ಒಂದು ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಗಿ ಇನ್ನೊಂದು ಬೆಳೆಯ ಹುಳ ಬರುವ ತನಕದ ಬಿಡುವಿನಲ್ಲಿ ಅದು ನಮ್ಮ ಚರ್ಚು. ಗೌಡರು ಧಾರಾಳಿ, ಆದರೆ ಹುಳದ ವಿಷಯ ಬಂದರೆ ನಾವು ಎರಡನೇ ಸಾಲಿನವರು. ಎಷ್ಟೋ ಶನಿವಾರ ಅವರ ಮನೆಯಾಕೆ ನಮ್ಮ ಬಾಗಿಲಿಗೇ ಬಂದು, "ಹುಳ ತಂದ್ಬಿಟ್ವಿ ಕಣಮ್ಮ, ಈ ವಾರ ನಿಮ್ಮ ದೇವ್ರನ್ನ ಬೇರೆ ಕಡೆ ಕರ್ಕೊಂಡೋಗ್ರಿ" ಅಂತ ಹೇಳಿ ಹೋಗುತ್ತಿದ್ದರು. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ ಅಂತ ಅಲ್ಲಿಗೆ ಯಾರೂ ಮಲ್ಲಿಗೆ ಮುಡಿದು ಬರುವಂತಿರಲಿಲ್ಲ, ಸೆಂಟು ಹಾಕುವಂತಿರಲಿಲ್ಲ. ಕಡೆಕಡೆಗೆ ಹುಳವಿಲ್ಲದ ಭಾನುವಾರವೂ, ಹುಳವೇ ಕಾಣದ ಟೈರ್ ಅಂಗಡಿಯ ಮಹಡಿಯಲ್ಲೂ ನಮ್ಮ ಹೆಂಗಸರು ಬೋಳು ಜಡೆಯಲ್ಲೇ ಬಂದು ಕೂರುತ್ತಿದ್ದರು.

ಜಾಗ ನಮ್ಮದಲ್ಲವಾದ್ದರಿಂದ ಸಾಮಾನೆಲ್ಲ ಮನೆಮನೆಗೆ ಹಂಚಿಹೋಗಿತ್ತು. ಮಡಚುವ ಬೋಧನಾ ಪೀಠ ಗಾರೆ ಮೇಸ್ತ್ರಿ ಮನೆಯಲ್ಲಿ. ಚಾಪೆಗಳು ನೂಲು ತೆಗೆಯುವ ಅಣ್ಣನ ಸೈಕಲ್ ಕ್ಯಾರಿಯರಿನ ಮೇಲೆ. ಢೋಲಕ್ಕು ಕಂಡಕ್ಟರದು. ಪ್ರಭು ಭೋಜನಕ್ಕೆ ದ್ರಾಕ್ಷಾರಸ ಕೊಡುವ ಪುಟಾಣಿ ಲೋಟಗಳು ನರ್ಸಮ್ಮನ ಟಿಫಿನ್ ಡಬ್ಬಿಯಲ್ಲಿ. ಟ್ಯೂಬ್‌ಲೈಟನ್ನು ಕೂಡ ಬಿಚ್ಚಿಕೊಂಡು ಹೋಗುವ ಒಬ್ಬರಿದ್ದರು. ಅಜ್ಜಿಯ ಪಾಲಿಗೆ ಬೇವಿನ ಮರದ ಶಿಲುಬೆ. ವಾರವಿಡೀ ಅದು ನಮ್ಮ ಮನೆಯ ಕದದ ಹಿಂದೆ ಟವಲು ಸುತ್ತಿಕೊಂಡು ನಿಂತಿರುತ್ತಿತ್ತು. ಮೇಜಿನ ಮೇಲೆ ಹಾಸುವ ಕಸೂತಿ ಅಂಚಿನ ಬಿಳಿ ಬಟ್ಟೆ ನನ್ನದು. ಕೊನೇ ಆಮೆನ್ ಮುಗಿದು ಅಯ್ಯನವರು ಕಣ್ಣು ಬಿಡುವಷ್ಟರಲ್ಲಿ ಚರ್ಚು ಮಾಯವಾಗಿರುತ್ತಿತ್ತು. ಯಾರಿಗೂ ಯಾರೂ ಹೇಳಬೇಕಿರಲಿಲ್ಲ, ಕೈಗಳೇ ಆ ಕೆಲಸ ಮಾಡುತ್ತಿದ್ದವು.

ಹೊಸಬರು ಯಾರಾದರೂ ಬಂದರೆ ಅವರ ಕೈಗೂ ಏನಾದರೊಂದು ಕೊಡುವುದು ನಮ್ಮ ಪದ್ಧತಿ. ಅಜ್ಜಿಯ ಪ್ರಕಾರ ದೀಕ್ಷಾಸ್ನಾನವೆಲ್ಲ ಆಮೇಲಿನ ಮಾತು. ಸಾಮಾನು ಹೊತ್ತವರು ನಮ್ಮವರು, ಅಷ್ಟೇ.

ಚಿಂತಾಮಣಿಯಿಂದ ಹುಡುಗ ನನ್ನನ್ನು ನೋಡಲು ತಾಯಿಯ ಜೊತೆ ಬಂದದ್ದು ಒಂದು ಭಾನುವಾರ, ಹುಳು ಮನೆಗೆ. ಆರಾಧನೆ ಮುಗಿದ ತಕ್ಷಣ ಕಂಡಕ್ಟರು ಹಿಂದೆ ಮುಂದೆ ನೋಡದೆ ಅವನ ಕೊರಳಿಗೆ ಢೋಲಕ್ ನೇತುಹಾಕಿದರು. ಇಸ್ತ್ರಿ ಮಾಡಿದ ಷರ್ಟು, ಪಾಲಿಷ್ ಹಾಕಿದ ಷೂ, ಕೊರಳಲ್ಲಿ ಢೋಲಕ್. ಅವನು ತೋಟದ ಬದುವಿನ ಮೇಲೆ ಅದನ್ನು ಹೊತ್ತುಕೊಂಡು, ನಡುವೆ ಎರಡೇಟು ಬಾರಿಸಿಕೊಂಡು ನಡೆದ. ನನಗೆ ಅಲ್ಲೇ ಮನಸ್ಸಾಗಿಹೋಯಿತು. ಮುಚ್ಚಿಡುವುದೇನು, ಆ ಬದುವಿನ ಮೇಲೇ ತಾಳಿ ಕಟ್ಟಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಅತ್ತೆಯ ಮುಂದೆ ಅಜ್ಜಿ ಒಂದು ಚಾಪೆಯ ಸುರುಳಿ ಹಿಡಿದಳು. ಅತ್ತೆ ಎತ್ತರದ ಹೆಂಗಸು, ಅವರ ಸೊಂಟದವರೆಗೆ ಮಾತ್ರ ಬರುವ ಅಜ್ಜಿಯನ್ನು ನೋಡಿ, "ನನ್ ಕೈಲಿ ಬ್ಯಾಗಿದೆಯಲ್ಲಮ್ಮ" ಅಂದರು. ಬ್ಯಾಗು ಅಂಗೈಯಷ್ಟಿತ್ತು.

ಮನೆಗೆ ಬಂದು ಉಪ್ಪಿಟ್ಟು ತಿಂದು ಅತ್ತೆ ಮಾತು ಶುರು ಮಾಡಿದರು. ಹುಡುಗಿ ಒಪ್ಪಿಗೆ, ಮನೆ ಒಪ್ಪಿಗೆ. "ಆದ್ರೆ ಹುಳದ ಮನೇಲಿ ನಮ್ ಹುಡುಗನ ಮದ್ವೆ ಆಗಲ್ಲಪ್ಪ. ನಮ್ಮ ಚಿಂತಾಮಣೀಲಿ ಕಲ್ಲಿನ ಚರ್ಚಿದೆ, ಗಂಟೆ ಇದೆ, ಬೆಂಚಿದೆ. ಅಲ್ಲಿ ಮಾಡಣ. ಇಲ್ಲೇ ಆಗ್ಬೇಕು ಅಂದ್ರೆ ನಿಮ್ದೇ ಅಂತ ಒಂದು ಚರ್ಚಿರ್ಲಿ. ಬಾಗ್ಲಿರ್ಲಿ, ಬೀಗ ಇರ್ಲಿ."

ಚಿಂತಾಮಣಿ ಏನೂ ದೂರವಲ್ಲ. ಆದರೆ ಅಜ್ಜಿಗೆ ಬಸ್ಸು ಆಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಡೀಸೆಲ್ ವಾಸನೆಗೇ ಹೊಟ್ಟೆ ತೊಳಸಿ ಕೂತುಬಿಡುವವಳು. ಒಂದು ಸಲ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಅಂತ ಹತ್ತಿಸಿದರೆ ಅರ್ಧ ದಾರಿಯಲ್ಲಿ ಇಳಿದು ನಡೆದೇ ವಾಪಸ್ ಬಂದಿದ್ದಳು. ಮದುವೆ ಚಿಂತಾಮಣಿಯಲ್ಲಾದರೆ ಅಜ್ಜಿ ಅದರಲ್ಲಿರುವುದಿಲ್ಲ. ನನ್ನನ್ನು ಅಂಗೈ ಮೇಲಿಟ್ಟುಕೊಂಡು ಸಾಕಿದವಳು ಇಲ್ಲದ ಮದುವೆ ನನಗೆ ಬೇಡವಾಗಿತ್ತು. ಢೋಲಕ್ ಹೊತ್ತ ಹುಡುಗನೂ ಬೇಕಾಗಿತ್ತು. ಅವತ್ತು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ.

ವಿಷಯ ಮುಂದಿನ ಭಾನುವಾರದ ಹೊತ್ತಿಗೆ ಇಡೀ ಸಭೆಗೆ ಗೊತ್ತಾಗಿತ್ತು. ಊರಾಚೆ ನಮಗೊಂದು ಸೈಟಿತ್ತು. ನಾಲ್ಕು ಗೋಡೆ ಎದ್ದು, ಮೇಲೆ ಸೂರಿಲ್ಲದೆ, ಒಳಗೆ ಲಂಟಾನ ಬೆಳೆದು ವರ್ಷಗಳೇ ಆಗಿದ್ದವು. ಅದನ್ನು ಮುಗಿಸೋಣ ಅಂತ ಪ್ರತಿ ಕ್ರಿಸ್ಮಸ್ಸಿಗೂ ಪ್ರಾರ್ಥನೆ ಮಾಡುತ್ತಿದ್ದೆವು, ಪ್ರತಿ ಹೊಸ ವರ್ಷಕ್ಕೂ ಮರೆಯುತ್ತಿದ್ದೆವು. ಈಗ ಮೇಸ್ತ್ರಿ ಎದ್ದು ನಿಂತು, "ನಮ್ ಹುಡ್ಗಿ ಮದ್ವೆ ಇಲ್ಲೇ ಆಗ್ಬೇಕು ಕಣ್ರಯ್ಯ, ನಡೀರಿ" ಅಂದರು. ಅಯ್ಯನವರು ಲೆಕ್ಕ ಹಾಕಿ ನೋಡಿದರು. ಉಪವಾಸದ ಲೆಂಟ್ ಕಾಲ ಶುರುವಾದರೆ ಈಸ್ಟರ್ ತನಕ ನಮ್ಮಲ್ಲಿ ಮದುವೆ ಇಲ್ಲ, ಅಷ್ಟು ದಿನ ಅತ್ತೆ ಕಾಯುವವರೂ ಅಲ್ಲ. ಲೆಂಟಿಗೆ ಮುಂಚಿನ ವಾರದ ಬುಧವಾರ ಅಂತ ನಿಶ್ಚಯವಾಯಿತು.

ಆ ತಿಂಗಳುಗಳನ್ನು ನೆನೆದರೆ ಈಗಲೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸ್ಕೂಲು ಮುಗಿದರೆ ನಾನು ನೇರ ಅಲ್ಲಿಗೆ. ಮದುವಣಗಿತ್ತಿ ತಲೆ ಮೇಲೆ ಮರಳಿನ ಬಾಂಡ್ಲಿ ಹೊತ್ತರೆ ಮೈ ಕಪ್ಪಾಗುತ್ತೆ ಅಂತ ನರ್ಸಮ್ಮಂದಿರು ಬೈಯುತ್ತಿದ್ದರು, ಬೈಯುತ್ತಲೇ ಇನ್ನೊಂದು ಬಾಂಡ್ಲಿ ತುಂಬುತ್ತಿದ್ದರು. ಚಿಂತಾಮಣಿಯ ಹುಡುಗ ದಿನಾ ಸಂಜೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಸಲ ರಿಂಗಾದರೆ 'ನೆನಪಾಯಿತು', ಎರಡು ಸಲವಾದರೆ 'ಎಲ್ಲಿಗೆ ಬಂತು?' ಅಂತ. ಫೋನು ಕಂಡಕ್ಟರ ಮನೆಯದು. ಅವರು ರಸ್ತೆಯಲ್ಲೇ ನಿಂತು, "ಎರಡ್ ಸಲ ಹೊಡ್ದ ಕಣಮ್ಮೋ!" ಅಂತ ಇಡೀ ಬೀದಿಗೆ ವರದಿ ಒಪ್ಪಿಸುತ್ತಿದ್ದರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಯಾರದಾದರೂ ಆಕ್ಷೇಪಣೆ ಇದ್ದರೆ ಹೇಳಲಿ ಅಂತ. ನನ್ನದನ್ನು ಮೊದಲು ಓದಿದ್ದು ಹುಳು ಮನೆಯಲ್ಲಿ. ಅಷ್ಟರಲ್ಲಿ ಹುಳ ಬಂದು, ಎರಡನೆಯದು ಟೈರ್ ಅಂಗಡಿಯ ಮೇಲಾಯಿತು. ಮೂರನೆಯದು ತಾರಸಿಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ಪಕ್ಕ, ಸೀನುಗಳ ನಡುವೆ. ನನ್ನ ಮೇಲೆ ಆಕ್ಷೇಪಣೆ ಇದ್ದ ಪಾಪದ ಪ್ರಾಣಿ ಯಾವುದಾದರೂ ಇದ್ದಿದ್ದರೆ ನಮ್ಮನ್ನು ಹುಡುಕುವುದರಲ್ಲೇ ಸುಸ್ತಾಗಿರುತ್ತಿತ್ತು.

ತಗಡಿನ ಸೂರು ಕೂತಿತು, ನೆಲಕ್ಕೆ ಸಿಮೆಂಟಾಯಿತು, ಗೋಡೆಗೆ ಸುಣ್ಣವಾಯಿತು. ಬಾಗಿಲೇ ಇಲ್ಲ. ಮುಖ್ಯವಾದದ್ದೇ ಇಲ್ಲ! ಆಗ ಹುಳು ಮನೆಯ ಗೌಡರು ತಮ್ಮ ಹಳೇ ಮನೆ ಕೆಡವಿದಾಗ ತೆಗೆದಿಟ್ಟಿದ್ದ ಜೋಡಿ ಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಾವೇ ಬಂದರು. ಆನೆ ನುಗ್ಗುವಷ್ಟು ದೊಡ್ಡದು, ಮೇಲೆ ಗಿಳಿಗಳು, ಕಮಲದ ಹೂಗಳು, ಹಿತ್ತಾಳೆ ಬಳೆಗಳು. ಬಾಗಿಲಿಗೆ ಗೋಡೆ ಚಿಕ್ಕದಾಯಿತು. ಮೇಸ್ತ್ರಿ ಒಂದು ಸಲ ಬಾಗಿಲು ನೋಡಿದರು, ಒಂದು ಸಲ ನನ್ನ ಮುಖ ನೋಡಿದರು, ತಾವೇ ಕಟ್ಟಿದ ಗೋಡೆಗೆ ಹಾರೆ ಹಾಕಿದರು.

ಮದುವೆಗೆ ಮುಂಚಿನ ಭಾನುವಾರ ಹೊಸ ಚರ್ಚಿನ ಪ್ರತಿಷ್ಠೆ. ಇನ್ನು ಹುಳದ ಹಂಗಿಲ್ಲ ಅಂತ ನೆನಪಾಗಿ ಹೆಂಗಸರೆಲ್ಲ ಮೊಳಗಟ್ಟಲೆ ಮಲ್ಲಿಗೆ ಮುಡಿದು ಬಂದರು. ಅಜ್ಜಿಯ ಹಿಡಿಯಷ್ಟು ತುರುಬು ಹೂವಿನ ಭಾರಕ್ಕೆ ಹಿಂದಕ್ಕೆ ವಾಲಿತ್ತು. ಸೆಂಟಿನ ಘಮಕ್ಕೆ ಅಯ್ಯನವರು ಬೋಧನೆಯ ಮಧ್ಯೆ ಕೆಮ್ಮಿದರು. ಕನ್ನಡದಲ್ಲಿ ಹಾಡಿದೆವು, ತೆಲುಗಿನಲ್ಲಿ ಹಾಡಿದೆವು, ತಗಡು ದಡದಡ ಅಂದಿತು. ಎಲ್ಲ ಮುಗಿದ ಮೇಲೆ ಹೊರಗೆ ಬಂದು ಸುತ್ತ ನಿಂತೆವು. ಅಯ್ಯನವರು ಹೊಸ ಬೀಗ ಎತ್ತಿ ಎಲ್ಲರಿಗೂ ತೋರಿಸಿ, ಚಿಲಕಕ್ಕೆ ಸಿಕ್ಕಿಸಿ ಒತ್ತಿದರು. ಟಕ್ ಅಂದಿತು. ಚಪ್ಪಾಳೆಯೋ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ಅದೇ ಖುಷಿಯಲ್ಲಿ ಎಲ್ಲರೂ ಮನೆಗೆ ಹೋದೆವು.

ಬುಧವಾರ ಬೆಳಿಗ್ಗೆ ನನಗೆ ಬಿಳಿ ಸೀರೆ ಉಡಿಸುತ್ತಿದ್ದಾಗ ಕಂಡಕ್ಟರ ಹೆಂಡತಿ ಏದುಸಿರು ಬಿಡುತ್ತಾ ಓಡಿಬಂದಳು. ಗಂಡಿನ ಕಡೆಯವರ ಬಸ್ಸು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದೆ. ಅಯ್ಯನವರು ಬೀಗ ತೆಗೆದಿದ್ದಾರೆ. "ಒಳಗೆ ಏನೂ ಇಲ್ಲ ಕಣೇ! ಪೀಠ ಇಲ್ಲ, ಶಿಲುಬೆ ಇಲ್ಲ, ಒಂದು ಚಾಪೇನೂ ಬಿಟ್ಟಿಲ್ಲ! ಲೈಟೂ ಬಿಚ್ಕೊಂಡೋಗವ್ರೆ ಕಳ್ಳರು! ನಿಮ್ಮತ್ತೆ 'ಇದು ಚರ್ಚಾ, ಈರುಳ್ಳಿ ಗೋಡೌನಾ' ಅಂತ ಕೇಳ್ತಾವ್ರೆ. ಡ್ರೈವರ್‌ಗೆ ಗಾಡಿ ಸ್ಟಾರ್ಟ್ ಮಾಡು, ಚಿಂತಾಮಣೀಲೇ ಮದ್ವೆ ಅಂತ ಅಂದ್ಬಿಟ್ರು!"

ಚಿಂತಾಮಣಿ ಅಂದರೆ ಅಜ್ಜಿ ಇಲ್ಲದ ಮದುವೆ. ಅಜ್ಜಿಯ ಕಡೆ ತಿರುಗಿದೆ. ಅವಳು ನೆರಿಗೆ ಸರಿಮಾಡಿಕೊಂಡು, ಯಾವ ಗಡಿಬಿಡಿಯೂ ಇಲ್ಲದೆ, ಕದದ ಹಿಂದಿನಿಂದ ಟವಲು ಸುತ್ತಿದ ಶಿಲುಬೆಯನ್ನು ಎತ್ತಿಕೊಳ್ಳುತ್ತಿದ್ದಳು.

"ಅಜ್ಜಿ, ಅದು ಇಲ್ಲ್ಯಾಕಿದೆ?"

"ಮತ್ತೆಲ್ಲಿರುತ್ತೆ? ಭಾನ್ವಾರ ಮುಗೀತು, ತಗೊಂಬಂದೆ."

ನಾನು ನನ್ನ ಬ್ಯಾಗಿಗೆ ಕೈ ಹಾಕಿದೆ. ನಾಲ್ಕು ಮಡಿಕೆಯಾಗಿ ತಣ್ಣಗೆ ಕೂತಿತ್ತು ಮೇಜಿನ ಬಟ್ಟೆ. ಕಂಡಕ್ಟರ ಹೆಂಡತಿ ನಮ್ಮಿಬ್ಬರನ್ನೂ ನೋಡಿದಳು, ಆಮೇಲೆ ಹಣೆ ಚಚ್ಚಿಕೊಂಡಳು. "ಢೋಲಕ್ಕು ನಮ್ಮನೇಲೇ ಐತೆ! ಬೆಳಿಗ್ಗೆ ನಾನೇ ಧೂಳ್ ಹೊಡ್ದೆ!"

ಇಡೀ ಸಭೆ ಸೇರಿಕೊಂಡು ಕಣ್ಣೀರಿಟ್ಟು, ಚಪ್ಪಾಳೆ ತಟ್ಟಿ ಬೀಗ ಹಾಕಿದ್ದು ಖಾಲಿ ಕೋಣೆಗೆ. ನನಗೆ ನಗು ಉಕ್ಕಿ ಬಂತು. ಹೆದರಿಕೆ ಹಾಗೇ ಇತ್ತು, ಅದರ ಮೇಲೆ ನಗು. ಬಾಡಿಗೆ ಕಾರು ಹೂವು ತರಲು ಹೋಗಿತ್ತು. ಅದಕ್ಕೆ ಕಾಯುವ ಹೊತ್ತಲ್ಲ. ಸೀರೆ ಎತ್ತಿ ಹಿಡಿದು ನಡೆದೇ ಹೊರಟೆ. ಪಕ್ಕದಲ್ಲಿ ಶಿಲುಬೆ ಹೊತ್ತ ಅಜ್ಜಿ.

ಮೂಲೆ ತಿರುಗಿದರೆ ಎದುರಿಗೆ ಮೇಸ್ತ್ರಿ, ಮಗನ ಜೊತೆ ಪೀಠ ಹೊತ್ತುಕೊಂಡು. ಅವರಿಗೆ ಏನೂ ಗೊತ್ತೇ ಇಲ್ಲ, ಯಾವಾಗಿನ ಹಾಗೆ ಹೊತ್ತು ಬರುತ್ತಿದ್ದಾರೆ. ಮುಂದಿನ ಓಣಿಯಿಂದ ಚಾಪೆಯ ಸೈಕಲ್ಲು ಬೆಲ್ ಹೊಡೆಯುತ್ತಾ ಬಂತು. ನರ್ಸಮ್ಮ ಟಿಫಿನ್ ಡಬ್ಬಿಯೊಂದಿಗೆ, ಅವರ ಹಿಂದೆ ಟ್ಯೂಬ್‌ಲೈಟನ್ನು ಮಗುವಿನಂತೆ ತಬ್ಬಿಕೊಂಡವರು. ಕಂಡಕ್ಟರು ಢೋಲಕ್ ಬಾರಿಸುತ್ತಲೇ ಸೇರಿಕೊಂಡರು. ಒಬ್ಬರಿಂದೊಬ್ಬರಿಗೆ ಸಂಗತಿ ಗೊತ್ತಾದಂತೆ ಎಲ್ಲರೂ ನಾಲಿಗೆ ಕಚ್ಚಿಕೊಂಡು, ನಕ್ಕು, ಓಡು ನಡಿಗೆ ಹಾಕಿದರು. ಚಹದಂಗಡಿಯವರು ಎದ್ದು ನಿಂತು ನೋಡಿದರು. ನನ್ನಷ್ಟು ಗಮ್ಮತ್ತಿನ ಮೆರವಣಿಗೆಯಲ್ಲಿ ಹೋದ ಮದುವಣಗಿತ್ತಿ ಶಿಡ್ಲಘಟ್ಟದಲ್ಲಿ ಇನ್ನೊಬ್ಬಳಿಲ್ಲ ಅಂತ ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಚರ್ಚಿನ ಮುಂದೆ ಬಸ್ಸು ಹೊಗೆ ಬಿಡುತ್ತಾ ನಿಂತಿತ್ತು. ಗಂಡಿನ ಕಡೆಯವರು ಅರ್ಧ ಜನ ಆಗಲೇ ಅದರೊಳಗೆ ಕೂತೇ ಬಿಟ್ಟಿದ್ದರು. ನನ್ನ ಹುಡುಗ ಮಾತ್ರ ಕೋಟು ಹಾಕಿಕೊಂಡು ಬಸ್ಸಿನ ಮುಂದೆ, ಡ್ರೈವರ್ ಹೊರಡದಂತೆ ಬಂಪರಿಗೆ ಒರಗಿ ನಿಂತಿದ್ದ. ಆ ದೊಡ್ಡ ಬಾಗಿಲಿನ ಮಧ್ಯೆ ಅತ್ತೆ, ಕೈಕಟ್ಟಿಕೊಂಡು. ಪಕ್ಕದಲ್ಲಿ ಅಯ್ಯನವರು ಬೆವರುತ್ತಿದ್ದರು. ನಮ್ಮ ಮೆರವಣಿಗೆ ಬಂದು ನಿಂತಿತು. ಢೋಲಕ್ಕೂ ಸುಮ್ಮನಾಯಿತು.

ಅಜ್ಜಿ ನೇರ ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ಉಸಿರು ಕಟ್ಟಿತು. ಎದುರಿಗೆ ಯಾರು ನಿಂತಿದ್ದಾರೆ ಅಂತ ಕೂಡ ನೋಡದೆ ಶಿಲುಬೆಯನ್ನು ಮುಂದೆ ಚಾಚಿ, "ಒಂಚೂರು ಹಿಡ್ಕಳಮ್ಮ" ಅಂದಳು.

ಅತ್ತೆಯ ಕೈಯಲ್ಲಿ ಅವತ್ತು ಬ್ಯಾಗಿರಲಿಲ್ಲ. ಶಿಲುಬೆಯನ್ನು ಬೇಡ ಅನ್ನುವುದು ಹೇಗೆ? ಕಟ್ಟಿದ ಕೈ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದರು. ಹಿಡಿದ ಮೇಲೆ ಬಾಗಿಲಲ್ಲಿ ನಿಲ್ಲುವ ಹಾಗಿಲ್ಲ, ಬಸ್ಸು ಹತ್ತುವ ಹಾಗಂತೂ ಇಲ್ಲ. ಒಳಗೆ ನಡೆದರು. ಅವರ ಹಿಂದೆ ನಾವೆಲ್ಲ ನುಗ್ಗಿದೆವು. ಶಿಲುಬೆ ನೇತುಹಾಕುವ ಮೊಳೆ ಅಜ್ಜಿಗೆ ಎಟುಕುವುದಿಲ್ಲ, ಭಾನುವಾರ ಸ್ಟೂಲು ಹಾಕಿಕೊಂಡಿದ್ದೆವು. ಅತ್ತೆಗೆ ಸ್ಟೂಲೇ ಬೇಕಾಗಲಿಲ್ಲ. ಟವಲು ಬಿಚ್ಚಿ, ಶಿಲುಬೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಬಂದು, "ಎಡಕ್ಕೆ ವಾಲೈತೆ" ಅಂತ ತಾವೇ ಸರಿಮಾಡಿದರು. ಅಷ್ಟರಲ್ಲಿ ಪೀಠ ನಿಂತಿತ್ತು, ಚಾಪೆ ಬಿಚ್ಚಿಕೊಂಡಿತ್ತು, ಲೈಟು ಹತ್ತಿತ್ತು. ನಾನು ನನ್ನ ಬಟ್ಟೆ ಹಾಸಿದೆ. ಚರ್ಚು ಎದ್ದು ನಿಂತದ್ದನ್ನು ಅತ್ತೆ ಬಾಯಿ ತೆರೆದು ನೋಡಿದರು. "ದೇವುಡಾ!" ಅಂತ ತೆಲುಗಿನಲ್ಲಿ ಒಂದು ಉದ್ಗಾರ ತೆಗೆದು, "ಆ ಬಸ್ ಆಫ್ ಮಾಡ್ಸೋ!" ಅಂತ ಮಗನಿಗೆ ಕೂಗಿ ಹೇಳಿದರು. ಆಮೇಲೆ ಮೊದಲ ಸಾಲಿನ ಚಾಪೆಯ ಮೇಲೆ ಅಜ್ಜಿಯ ಪಕ್ಕವೇ ಕೂತರು.

ಮದುವೆಯಾಯಿತು. ಕೊನೇ ಆಮೆನ್ ಆಗುತ್ತಿದ್ದಂತೆ ಮೇಸ್ತ್ರಿ ಪೀಠಕ್ಕೆ ಕೈ ಹಾಕಿದರು, ಸೈಕಲ್ಲಿನಣ್ಣ ಚಾಪೆ ಸುತ್ತತೊಡಗಿದ. ಅಯ್ಯನವರು ಹಿಂದೆಂದೂ ಹಾಗೆ ಗದರಿದ್ದಿಲ್ಲ. "ಇಡ್ರೀ ಎಲ್ಲಾ ಅಲ್ಲೇ! ಬಾಗಿಲಿದೆ, ಬೀಗ ಇದೆ!" ಎಲ್ಲರೂ ಕಳ್ಳರ ಹಾಗೆ ಒಂದೊಂದನ್ನೇ ಕೆಳಗಿಟ್ಟು, ಬರಿಗೈಯಲ್ಲಿ ಊಟಕ್ಕೆ ಹೋದರು.

ಊಟವಾಗಿ, ನಮ್ಮ ಬಸ್ಸು ಊರು ದಾಟಿದ ಮೇಲೆ ಕರ್ಚೀಫಿಗೆ ಅಂತ ಬ್ಯಾಗು ತೆಗೆದರೆ ಮೇಜಿನ ಬಟ್ಟೆ ಕಂಡಿತು. ಅಷ್ಟು ಗದರಿಕೆಯ ಮಧ್ಯೆಯೂ ನನ್ನ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ನಾನು ನಕ್ಕ ರಭಸಕ್ಕೆ ನನ್ನವನಿಗೆ ಗಾಬರಿಯಾಯಿತು. ಅತ್ತೆ ಬಗ್ಗಿ ನೋಡಿ, "ಗಾಡಿ ತಿರುಗಿಸಪ್ಪ" ಅಂದರು. ಹೊರಟ ಮದುಮಗಳು ತಿರುಗಿ ಹೋಗಬಾರದು ಅಂತ ಯಾರೋ ಹೇಳಿದ್ದಕ್ಕೆ, "ಆ ಮನೆ ಸಾಮಾನು ಆ ಮನೇಲಿರ್ಲಿ" ಅಂದರು, ಅಷ್ಟೇ.

ಚರ್ಚಿನ ಮೆಟ್ಟಿಲ ಮೇಲೆ ಅಜ್ಜಿ ಒಬ್ಬಳೇ ಕೂತಿದ್ದಳು. ಬಾಗಿಲಿಗೆ ಬೀಗ ಬಿದ್ದಿತ್ತು, ಅಯ್ಯನವರು ಒಪ್ಪಿಸಿದ್ದ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿತ್ತು. ಬಟ್ಟೆಯನ್ನು ಒಳಗೆ ಹಾಸಿ ಬಂದು, ಮನೆಗೆ ಯಾಕೆ ಹೋಗಿಲ್ಲ ಅಂತ ಕೇಳಿದೆ.

"ಕೈಯೆಲ್ಲಾ ಖಾಲಿ ಕಣೇ. ಶಿಲುಬೇನೂ ಇಲ್ಲ, ನೀನೂ ಇಲ್ಲ. ಹೆಂಗೆ ಹೋಗದು ಅಂತ ಕೂತ್ಕಂಡೆ" ಅಂದಳು.

ಬೆಳಿಗ್ಗೆಯಿಂದ ನಕ್ಕೂ ನಕ್ಕೂ ಸಾಕಾಗಿದ್ದ ನನಗೆ ಆಗ ಅಳು ತಡೆಯಲಾಗಲಿಲ್ಲ. ಅತ್ತೆ ಬಸ್ಸಿಗೆ ಹೋದರು. ಚಿಂತಾಮಣಿಗೆ ಅಂತ ಮದುವೆ ಊಟ ಕಟ್ಟಿಸಿಕೊಂಡಿದ್ದ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ತಂದು, ಅಜ್ಜಿಯ ಎರಡೂ ಕೈಗೆ ಕೊಟ್ಟರು.

"ಊಟ ನಿಮ್ಗೆ. ಡಬ್ಬಿ ಮಾತ್ರ ನಂಗೆ ವಾಪಸ್ ಬೇಕು. ಯಾರ ಕೈಲೂ ಕಳಿಸ್ಬೇಡಿ, ನೀವೇ ತರ್ಬೇಕು."

ಮುಂದಿನ ವಾರ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ತಮ್ಮ ಬಸ್ಸಿನ ಮುಂದಿನ ಬಾಗಿಲಿನಿಂದ ಅಜ್ಜಿಯನ್ನು ಕೈಹಿಡಿದು ಇಳಿಸಿದರು. ಒಂದು ಕೈಯಲ್ಲಿ ಮೂಸಿ ಮೂಸಿ ಬಾಡಿಸಿದ ನಿಂಬೆಹಣ್ಣು. ಕಂಕುಳಲ್ಲಿ, ಟವಲು ಸುತ್ತಿದ ಡಬ್ಬಿ.